ಬಿಟ್ಟ ಮೇಲಿನ ಮೊದಲ ವಾರ

ಹೆರಾಯಿನ್ ಚಟ ಹತ್ತಿದವರಿಗೆ ಕೊನೆಯ ಸಲ ತೆಗೆದುಕೊಂಡ 8ರಿಂದ 12 ಗಂಟೆಯೊಳಗೆ ಒಂದರ ಹಿಂದೊಂದು ಆಕಳಿಕೆ ಶುರುವಾಗುತ್ತದೆ. ಕಣ್ಣು, ಮೂಗು ಸೋರುತ್ತವೆ. ಮೈಯ ರೋಮ ನೆಟ್ಟಗೆ ನಿಲ್ಲುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ. ಎರಡು ಮೂರನೆಯ ದಿನಕ್ಕೆ ವಾಂತಿ, ಭೇದಿ, ಹೊಟ್ಟೆ ನುಲಿತ, ಮೂಳೆಯೊಳಗಿಂದ ಬಂದಂಥ ನೋವು. ಕೂತರೆ ಕೂರಲಾಗದು, ನಿದ್ದೆ ಹತ್ತಿರ ಸುಳಿಯದು. ವಾರ, ಹತ್ತು ದಿನದಲ್ಲಿ ಇದರ ಅಬ್ಬರ ಇಳಿಯುತ್ತದೆ. ಬಹಳ ಹೊತ್ತು ಕೆಲಸ ಮಾಡುವ ಮೆಥಡೋನ್ ಆದರೆ ತೊಂದರೆ ತಡವಾಗಿ ಶುರುವಾಗಿ ಎರಡು ಮೂರು ವಾರ ಎಳೆಯುತ್ತದೆ.

ಇದು ನಾಟಕವೂ ಅಲ್ಲ, ಮನಸ್ಸು ಗಟ್ಟಿ ಇಲ್ಲದವರ ಗೋಳೂ ಅಲ್ಲ. ಮಿದುಳಿನ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ನರಗುಚ್ಛವಿದೆ. ನಾರ್‌ಅಡ್ರಿನಲಿನ್ ಹರಿಸಿ ನಮ್ಮನ್ನು ಎಚ್ಚರವಾಗಿಡುವುದು ಅದರ ಕೆಲಸ. ಅಫೀಮು, ಮಾರ್ಫಿನ್, ಹೆರಾಯಿನ್, ಟ್ರಮಡಾಲ್‌ಗಳ ಗುಂಪು ಅದನ್ನು ಹತ್ತಿಕ್ಕುತ್ತದೆ. ದಿನವೂ ಹತ್ತಿಕ್ಕಿದರೆ ಆ ನರಕೋಶಗಳು ಹೆಚ್ಚು ದುಡಿದು ಸರಿದೂಗಿಸುವುದನ್ನು ರೂಢಿಮಾಡಿಕೊಳ್ಳುತ್ತವೆ. ಮದ್ದು ಥಟ್ಟನೆ ನಿಂತಾಗ ಆ ಹೆಚ್ಚುವರಿ ದುಡಿಮೆಗೆ ತಡೆಯೇ ಇಲ್ಲದಂತಾಗುತ್ತದೆ. ರಕ್ತದೊತ್ತಡದ ಮಾತ್ರೆಯಾದ ಕ್ಲೋನಿಡಿನ್ ಇಲ್ಲಿ ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ: ಅದು ಇದೇ ನರಗುಚ್ಛವನ್ನು ಶಾಂತಗೊಳಿಸುತ್ತದೆ. ಆದರೆ ಬಿ.ಪಿ. ಇಳಿದು ತಲೆಸುತ್ತು ಬರಬಹುದು, ಆದ್ದರಿಂದ ವೈದ್ಯರ ಕಣ್ಣಿನಡಿಯಲ್ಲೇ ಕೊಡಬೇಕು.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಬುಪ್ರೆನಾರ್ಫಿನ್, ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ. ಹೆರಾಯಿನ್ ಅಂಟಿಕೊಳ್ಳುವ ಗ್ರಾಹಕಗಳಿಗೇ ಇದೂ ಅಂಟಿಕೊಳ್ಳುತ್ತದೆ, ಅದಕ್ಕಿಂತ ಬಿಗಿಯಾಗಿ. ಆದರೆ ಅವನ್ನು ಅರ್ಧಂಬರ್ಧ ಮಾತ್ರ ಪ್ರಚೋದಿಸುತ್ತದೆ. ಹಾಗಾಗಿ ಸಂಕಟ ಇಳಿಯುತ್ತದೆ, ಉಸಿರು ನಿಲ್ಲುವ ಅಪಾಯವೂ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ಇದನ್ನು ಕೊಟ್ಟರೆ ಅದನ್ನು ಹೊರದಬ್ಬಿ, ಸ್ವಲ್ಪ ಹೊತ್ತಿನಲ್ಲೇ ಸಂಕಟವನ್ನು ತಾನೇ ತಂದಿಡುತ್ತದೆ. ಅದಕ್ಕೇ ವೈದ್ಯರು ನಾಡಿ, ಬೆವರು, ಆಕಳಿಕೆ, ಕಣ್ಣಪಾಪೆಯಂಥ 11 ಲಕ್ಷಣಗಳಿಗೆ ಅಂಕ ಹಾಕಿ, ಸಂಕಟ ಸಾಕಷ್ಟು ಕಾಣಿಸಿಕೊಂಡ ಮೇಲೆ 2 ಅಥವಾ 4 ಮಿಲಿಗ್ರಾಂನಿಂದ ಶುರುಮಾಡುತ್ತಾರೆ. ನಿದ್ದೆ ಮಾತ್ರೆ, ಮದ್ಯ ಇದರ ಜೊತೆ ಸೇರಿದರೆ ಜೀವಕ್ಕೇ ಕುತ್ತು. ಗರ್ಭಿಣಿಯರಿಗಂತೂ ಥಟ್ಟನೆ ಬಿಡಿಸುವುದು ಸಲ್ಲದು, ಅವರಿಗೆ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಮುಂದುವರಿಸುವುದೇ ಕ್ಷೇಮ.

ವಾರ ಕಳೆಯಿತು, ಹುಡುಗ ಊಟ ಮಾಡುತ್ತಿದ್ದಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದಲೇ. ಮದ್ದಿಲ್ಲದ ದಿನಗಳಲ್ಲಿ ಮೈ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹಂಬಲ ತಡೆಯಲಾರದೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಂತುಹೋಗಬಹುದು.

2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನವನ್ನು ಓದಿದವರು ಅದನ್ನು ಮರೆಯಲಾರರು. ಸ್ಟಾಕ್‌ಹೋಮ್‌ನಲ್ಲಿ ಹೆರಾಯಿನ್ ಚಟದ 40 ಮಂದಿಯನ್ನು ಎರಡು ಪಾಲು ಮಾಡಿದರು. 20 ಮಂದಿಗೆ ವರ್ಷವಿಡೀ ಬುಪ್ರೆನಾರ್ಫಿನ್. ಉಳಿದ 20 ಮಂದಿಗೆ ಆರು ದಿನ ಅದನ್ನು ಇಳಿಸುತ್ತ ಬಂದು, ಆಮೇಲೆ ಔಷಧವಿಲ್ಲದ ಹುಸಿ ಮಾತ್ರೆ. ಆಪ್ತಸಲಹೆ ಎರಡೂ ಗುಂಪಿಗೆ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನ ನೂರಕ್ಕೆ 75 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯದರಲ್ಲಿ ಒಬ್ಬರೂ ಇರಲಿಲ್ಲ, ನಾಲ್ವರು ಸತ್ತಿದ್ದರು. ಮೊದಲ ಗುಂಪಿನಲ್ಲಿ ಒಂದು ಸಾವೂ ಇಲ್ಲ.

“ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದಿರಲ್ಲ” ಎಂದು ಕೇಳುವ ತಂದೆತಾಯಂದಿರು ಈ ಲೆಕ್ಕವನ್ನು ದಯವಿಟ್ಟು ನೋಡಬೇಕು. ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗಿಬರುವವನು ಚಟಗಾರನಲ್ಲ, ಚಿಕಿತ್ಸೆಯಲ್ಲಿರುವ ರೋಗಿ. ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್ ಮತ್ತು ಬುಪ್ರೆನಾರ್ಫಿನ್‌ಗಳನ್ನು 2005ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕೋಣೆಯಲ್ಲಿ ಕೂಡಿಹಾಕಿ, ಕಟ್ಟಿ, ಹೊಡೆದು “ಬಿಡಿಸುವ” ಜಾಗಗಳಿಗೆ ನಿಮ್ಮವರನ್ನು ಒಪ್ಪಿಸಬೇಡಿ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯೂ ಅದರ ವ್ಯಾಪ್ತಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ದೂರದವರು ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಇಲ್ಲವೇ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಎರಡೂ ಉಚಿತ.