ಕಾಲುವೆಯ ನೀರು, ಹೋಟೆಲಿನ ಒಲೆ
ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳ ಉಪಾಹಾರ ಉದ್ಯಮ: ಒಂದು ಅವಲೋಕನ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 150ಎ ಒಂದೇ ದಾರದಲ್ಲಿ ಪೋಣಿಸಿದೆ. ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ಈ ಹಾದಿಯಲ್ಲಿ ಮಂಡಾಳು ಒಗ್ಗರಣೆ ಮತ್ತು ಮಿರ್ಚಿಯ ತಳ್ಳುಗಾಡಿ, ರೊಟ್ಟಿ ಊಟದ ಖಾನಾವಳಿ, ಇಡ್ಲಿ ದೋಸೆಯ ಉಡುಪಿ ಹೋಟೆಲು, ಆಂಧ್ರ ಊಟದ ಮೆಸ್, ಬಿರಿಯಾನಿ ಅಂಗಡಿ, ಧಾಬಾ ಎಲ್ಲವೂ ಎದುರಾಗುತ್ತವೆ. ಹೊಸ ಹೋಟೆಲಿನ ನಾಮಫಲಕ ಏರುವುದೂ, ಕೆಲವು ತಿಂಗಳಲ್ಲಿ ಇಳಿಯುವುದೂ ಇಂತಹ ಪಟ್ಟಣಗಳಲ್ಲಿ ಅಪರೂಪವಲ್ಲ. ರುಚಿ, ಶುಚಿ, ದರ ಇವೆಲ್ಲ ಅದಕ್ಕೆ ಕಾರಣವಾಗುವುದು ನಿಜ. ಆದರೆ ಈ ಭಾಗದಲ್ಲಿ ಹೋಟೆಲಿನ ಒಲೆ ಎಷ್ಟು ದಿನ ಉರಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತುಂಗಭದ್ರಾ ಎಡದಂಡೆ ಕಾಲುವೆ. ಬಂಡವಾಳ ಹೂಡಲು ಹೊರಟವರು ಮೊದಲು ಅರಿಯಬೇಕಾದ ಸಂಗತಿ ಇದು.

ಭತ್ತದೊಡನೆ ಬಂದ ಊಟ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಬಳಿಕ ಜೋಳ, ಹತ್ತಿ ಬೆಳೆಯುತ್ತಿದ್ದ ಸಿಂಧನೂರಿನ ಎರೆ ಭೂಮಿಗೆ ನೀರು ಹರಿಯಿತು. ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆಸಿದರು. ಅವರು ಕಟ್ಟಿಕೊಂಡ ವಸತಿಗಳು ಇಂದಿಗೂ 'ಕ್ಯಾಂಪ್' ಎಂದೇ ಪ್ರಸಿದ್ಧ. ಪಪ್ಪು, ಗೋಂಗುರ, ಆವಕಾಯಿ ಸಿಂಧನೂರಿನ ಊಟದೆಲೆಗೆ ಬಂದದ್ದು ಈ ಮಾರ್ಗವಾಗಿ. 1970ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಈ ತಾಲ್ಲೂಕಿನಲ್ಲಿಯೇ ಪುನರ್ವಸತಿ ಕಲ್ಪಿಸಲಾಯಿತು. ಅವರೊಡನೆ ಮೀನು ಸಾರು, ಅನ್ನದ ಊಟವೂ ಇಲ್ಲಿ ನೆಲೆಯೂರಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ನಾಡಿನಲ್ಲಿ ಹೀಗೆ ಅನ್ನದ ಹೊಸ ಪರಂಪರೆಯೊಂದು ಬೆಳೆಯಿತು.

ಭತ್ತದ ಜೊತೆಗೆ ಅಕ್ಕಿ ಗಿರಣಿ, ಅಡತಿ ಅಂಗಡಿ, ಗೊಬ್ಬರ ಮತ್ತು ಬೀಜದ ಮಳಿಗೆ, ಟ್ರ್ಯಾಕ್ಟರ್ ದುರಸ್ತಿ ಕೇಂದ್ರಗಳೂ ಬಂದವು. ಇಲ್ಲಿ ದುಡಿಯುವ ಹಮಾಲರು, ಲಾರಿ ಚಾಲಕರು, ಗುಮಾಸ್ತರು, ಸುಗ್ಗಿಯಲ್ಲಿ ಹೊರ ರಾಜ್ಯಗಳಿಂದ ಬರುವ ಕಟಾವು ಯಂತ್ರಗಳ ಸಿಬ್ಬಂದಿ ಇವರೇ ಹೋಟೆಲುಗಳ ನಿತ್ಯದ ಗಿರಾಕಿಗಳು. ಕುಟುಂಬ ಸಮೇತ ಬರುವ ರೈತರು ಸುಗ್ಗಿಯ ನಂತರದ ಗಿರಾಕಿಗಳು.

ಮೂರು ಪಟ್ಟಣ, ಮೂರು ಬಗೆಯ ಗಿರಾಕಿ

ಲಿಂಗಸುಗೂರಿನ ಲೆಕ್ಕವೇ ಬೇರೆ. ಬ್ರಿಟಿಷರ ಕಾಲದಲ್ಲಿ ದಂಡುಪ್ರದೇಶವಾಗಿದ್ದ ಈ ಪಟ್ಟಣ ಇಂದು ಉಪವಿಭಾಗದ ಆಡಳಿತ ಕೇಂದ್ರ. ಹಟ್ಟಿ ಚಿನ್ನದ ಗಣಿ ಇದೇ ತಾಲ್ಲೂಕಿನಲ್ಲಿದೆ. ಕಚೇರಿ ನೌಕರರು, ಗಣಿ ಕಾರ್ಮಿಕರು, ಮುದಗಲ್ಲ ಕೋಟೆ ನೋಡಲು ಬರುವ ಪ್ರವಾಸಿಗರು ಈ ಪಟ್ಟಣದ ಹೋಟೆಲುಗಳಿಗೆ ಆಧಾರ. ತಿಂಗಳ ಸಂಬಳದ ಗಿರಾಕಿ ಬೆಳೆಯ ಏರಿಳಿತಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ನಡುವಿನ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನ 'ಅಶೋಕ' ಎಂಬ ಹೆಸರನ್ನು ಸ್ಪಷ್ಟವಾಗಿ ತಿಳಿಸಿ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಬಳಿಕ ಕಚೇರಿ ಕೆಲಸಕ್ಕೆ ಬರುವ ಹಳ್ಳಿಗರು ಮಧ್ಯಾಹ್ನದ ಊಟಕ್ಕೆ ಇಲ್ಲಿಯೇ ಉಳಿಯುತ್ತಾರೆ. ಹೀಗಾಗಿ ಇಲ್ಲಿ ಕಡಿಮೆ ದರದ ರೊಟ್ಟಿ ಊಟಕ್ಕೂ ಬೇಗ ಕೈಗೆ ಸಿಗುವ ತಿಂಡಿಗೂ ಅವಕಾಶ ಹೆಚ್ಚು. ಹವಾನಿಯಂತ್ರಿತ ಕುಟುಂಬ ವಿಭಾಗಕ್ಕೆ ದೊಡ್ಡ ಬಂಡವಾಳ ಹೂಡುವವರು ಎರಡು ಬಾರಿ ಯೋಚಿಸುವುದು ಒಳಿತು.

ನೀರು ನಿಂತಾಗ

2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಜಲಾಶಯ ತುಂಬಿದ ಸಂತಸದಲ್ಲಿದ್ದಾಗಲೇ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟ್ ಅಳವಡಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆದರೆ 33 ಗೇಟುಗಳನ್ನೂ ಬದಲಿಸುವ ಅಗತ್ಯ ಎದುರಾಯಿತು. ಈ ಕಾಮಗಾರಿಗಾಗಿ 2025ರ ಕೊನೆಯಲ್ಲಿ ಎರಡನೇ ಬೆಳೆಗೆ ನೀರು ಹರಿಸದಿರಲು ತೀರ್ಮಾನಿಸಲಾಯಿತು.

ಎರಡನೇ ಬೆಳೆ ಇಲ್ಲವೆಂದರೆ ಬೇಸಿಗೆಯ ಸುಗ್ಗಿ ಇಲ್ಲ. ಗಿರಣಿಗೆ ಹೊಸ ಭತ್ತವಿಲ್ಲ. ಹಮಾಲರಿಗೆ ಕೂಲಿ ಕಡಿಮೆ. ಕುಟುಂಬಗಳು ಮೊದಲು ಕೈಬಿಡುವುದು ಹೊರಗಿನ ಊಟವನ್ನು. ಉದ್ರಿ ಖಾತೆಯ ಬಾಕಿ ಮುಂದಿನ ಸುಗ್ಗಿಗೆ ಮುಂದೂಡಲ್ಪಡುತ್ತದೆ. ಆದರೆ ಮಳಿಗೆಯ ಬಾಡಿಗೆ, ಅಡುಗೆಯವರ ಸಂಬಳ, ಬ್ಯಾಂಕಿನ ಕಂತು ಯಾವುದೂ ನಿಲ್ಲುವುದಿಲ್ಲ. ಎರಡು ಸುಗ್ಗಿಯ ವಹಿವಾಟನ್ನು ನಂಬಿ ಬಾಡಿಗೆ ಕರಾರು ಮಾಡಿಕೊಂಡವರು ಒಂದೇ ಸುಗ್ಗಿಯ ಆದಾಯದಲ್ಲಿ ವರ್ಷ ತಳ್ಳಬೇಕಾಗುತ್ತದೆ. ಒಂದು ಬೆಳೆಯ ಲೆಕ್ಕದಲ್ಲಿ ವೆಚ್ಚ ಹೊಂದಿಸಿಕೊಂಡು, ಎರಡನೆಯದನ್ನು ಲಾಭವೆಂದು ಭಾವಿಸುವುದೇ ಇಲ್ಲಿ ವಿವೇಕದ ವ್ಯಾಪಾರ.

ರೈಲಿನ ಭರವಸೆ

ಕಾಲುವೆಯ ಹೊರತಾದ ಗಿರಾಕಿಗಳನ್ನು ತರಬಲ್ಲದ್ದು ರೈಲು. 2024ರ ಮಾರ್ಚ್‌ನಲ್ಲಿ ಕಾರಟಗಿಯಿಂದ ಸಿಂಧನೂರಿಗೆ ರೈಲು ಸಂಚಾರ ವಿಸ್ತರಣೆಯಾಗಿ, ಹುಬ್ಬಳ್ಳಿಯೊಡನೆ ನೇರ ಸಂಪರ್ಕ ದೊರೆಯಿತು. ಲಿಂಗಸುಗೂರಿನ ಮೂಲಕ ಹಾದುಹೋಗಲಿರುವ ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ರೈಲು ಓಡಿತು. ನಿಲ್ದಾಣದ ಸುತ್ತ ಮುಂಜಾನೆಯ ತಿಂಡಿ, ಕಟ್ಟಿಕೊಡುವ ಊಟದ ವ್ಯಾಪಾರಕ್ಕೆ ಇದರಿಂದ ದಾರಿ ತೆರೆಯುತ್ತದೆ. ಕೆಡದೆ ದಿನಗಟ್ಟಲೆ ಉಳಿಯುವ ಖಡಕ್ ರೊಟ್ಟಿ ಹಾಗೂ ಶೇಂಗಾ ಚಟ್ನಿ ಪುಡಿ ಇಲ್ಲಿಯ ಸಣ್ಣ ತಯಾರಕರಿಗೆ, ಮುಖ್ಯವಾಗಿ ಮಹಿಳಾ ಸಂಘಗಳಿಗೆ, ದೂರದ ಮಾರುಕಟ್ಟೆ ಒದಗಿಸಬಲ್ಲ ಸರಕು. ನೀರು ಬಾರದ ವರ್ಷದಲ್ಲಿಯೂ ಒಣಬೇಸಾಯದ ಜೋಳ ಕೈಬಿಡದು ಎಂಬುದನ್ನು ಮರೆಯಬಾರದು.

ಲೆಕ್ಕಪತ್ರದ ಎಚ್ಚರ

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸುಗಳು ಬಂದದ್ದು ಎಲ್ಲರಿಗೂ ನೆನಪಿರುವ ಸಂಗತಿ. ಜಿಎಸ್‌ಟಿ ಕಾಯ್ದೆಯಂತೆ ಹೋಟೆಲಿನ ಊಟ ತಿಂಡಿ ಸೇವೆ ಎನಿಸುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. ವರ್ಷವಿಡೀ ದಿನಕ್ಕೆ ಸರಾಸರಿ 5,500 ರೂಪಾಯಿ ವ್ಯಾಪಾರವಾಗುವ ಚಿಕ್ಕ ತಿಂಡಿ ಅಂಗಡಿಯೂ ಈ ಮಿತಿ ದಾಟುತ್ತದೆ. ಸಾಮಾನ್ಯ ಹೋಟೆಲುಗಳಿಗೆ ತೆರಿಗೆ ದರ ಶೇ. 5. ಆದರೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಫ್ರಿಜ್, ಪಾತ್ರೆ, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆಯನ್ನು ಬಂಡವಾಳದ ಲೆಕ್ಕದಲ್ಲಿಯೇ ಸೇರಿಸಬೇಕು.

ಆಹಾರ ಸುರಕ್ಷತೆಯ ನೋಂದಣಿ ತಳ್ಳುಗಾಡಿಗೂ ಅನ್ವಯಿಸುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ, ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಕೆಂಪು ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ನಮ್ಮ ನಾಡಿನಲ್ಲಿಯೇ ಇರುವಾಗ ಡಬ್ಬಿಯ ಬಣ್ಣದ ಹಂಗು ಬೇಕಿಲ್ಲ.

ಮೂರೂ ಪಟ್ಟಣಗಳಲ್ಲಿ ಇನ್ನೂ ಅನೇಕ ಹೋಟೆಲುಗಳಿಗೆ ಅವಕಾಶವಿದೆ. ಆದರೆ ಉದ್ಘಾಟನೆಗೆ ಮುಹೂರ್ತ ನೋಡುವವರು ಪಂಚಾಂಗದ ಜೊತೆಗೆ ಜಲಾಶಯದ ಮಟ್ಟವನ್ನೂ ನೋಡಬೇಕು. ಸುಗ್ಗಿಯಲ್ಲಿ ಬಂದ ಹಣದ ಒಂದು ಪಾಲನ್ನು ನೀರಿಲ್ಲದ ತಿಂಗಳುಗಳಿಗೆ ಎತ್ತಿಟ್ಟು, ಉದ್ರಿಗೆ ಮಿತಿ ಹಾಕಿ, ಊರಿನವರ ನಾಲಗೆಗೆ ಒಗ್ಗುವ ಅಡುಗೆ ಮಾಡಿದವರ ಒಲೆ ಬರಗಾಲದಲ್ಲಿಯೂ ಆರಲಾರದು.