ಇಳಿಯುವ ನೀರಿಗೆ ಕರೆಂಟು ಎಂತಕ್ಕೆ?

ವಿಟ್ಲ: 2070ರ ಹೊತ್ತಿಗೆ ಭಾರತದ ಇಂಗಾಲದ ಲೆಕ್ಕ ನಿವ್ವಳ ಶೂನ್ಯ ಎಂದು ಪ್ರಧಾನಿಯವರು 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿ ಬಂದರು. ಸರಿ, ಅದರಿಂದ ನಮ್ಮ ಅಡಿಕೆ ತೋಟದವನಿಗೆ ಎಂತ ಮಾರಾಯ್ರೆ? ಉಂಟು. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 4 ಯೂನಿಟ್ ತಿನ್ನುತ್ತದೆ. ನಮ್ಮ ಕರೆಂಟು ಬರೀ ಶರಾವತಿಯದ್ದಲ್ಲ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದ್ದೂ ಹೌದು. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾನಿಲ. ದಿನಕ್ಕೆ 4 ಗಂಟೆಯಂತೆ 100 ದಿನ ಪಂಪು ಓಡಿಸಿದರೆ ಒಂದು ತೋಟದಿಂದಲೇ ಒಂದು ಟನ್ನಿನ ಮೇಲಾಯಿತು!

10 ಅಶ್ವಶಕ್ತಿವರೆಗಿನ ಕೃಷಿ ಪಂಪಿಗೆ ಬಿಲ್ಲಿಲ್ಲ. ಹಾಗಾಗಿ ಸ್ವಿಚ್ಚು ಒತ್ತಿ ಮಲಗುವವರೂ ಇದ್ದಾರೆ. ಇದನ್ನು ಆಡಿದರೆ ಓಟು ಹೋಗುತ್ತದೆಂದು ಯಾವ ಪಕ್ಷದವರೂ ಬಾಯಿ ಬಿಡುವುದಿಲ್ಲ.

ಆದರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಗುಡ್ಡಕ್ಕೆ ಹೋಗಿ ನೋಡಿ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯಾಗಿದ್ದ ಅವರಿಗೆ 1978ರಲ್ಲಿ ಅಮೈ ಮಹಾಬಲ ಭಟ್ಟರು ಗುಡ್ಡದ ಬದಿಯ ಎರಡು ಎಕ್ರೆ ಬೋಳು ಜಾಗ ಕೊಟ್ಟರು. ನೀರಿಲ್ಲ. ಹಗಲು ಕೂಲಿ, ಅದು ಮುಗಿದ ಮೇಲೆ ದೀಪ ಹಿಡಿದು ಸುರಂಗ ಅಗೆತ. ಮೊದಲು ತೋಡಿದ ಸುರಂಗಗಳು ಕೈಕೊಟ್ಟವು. ಊರವರು ನಕ್ಕರು. ಮನುಷ್ಯ ಬಿಡಲಿಲ್ಲ. ಕೊನೆಗೆ ಸಿಕ್ಕಿದ ನೀರು ಗುಡ್ಡದ ಹೊಟ್ಟೆಯಿಂದ ತಾನಾಗಿ ಇಳಿದು ಟ್ಯಾಂಕಿ ತುಂಬಿತು, ಅಲ್ಲಿಂದ ತೋಟಕ್ಕೆ ಹೋಯಿತು. ಪಂಪು ಬೇಡ, ಕರೆಂಟು ಬೇಡ. 2022ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಿತು. ಫೋಟೋಕ್ಕೆ ನಿಂತ ಮುಖಂಡರು ಎಷ್ಟೋ! ಪಕ್ಕದ ಮಾಣಿಲದಲ್ಲಿ ಇಂಥ ಸುರಂಗಗಳು ಇನ್ನೂ ಬೇಕಾದಷ್ಟಿವೆ. ಹೂಳು ತೆಗೆಸುವ ದುಡ್ಡಿಗೆ ಅವರಲ್ಲಿ ಎಷ್ಟು ಮಂದಿ ಪತ್ರ ಬರೆದಾರು?

ಎಲ್ಲ ಗುಡ್ಡದಲ್ಲೂ ಸುರಂಗ ಆಗದು, ಒಪ್ಪಿದೆ. ತೋಡಿಗೆ ಕಟ್ಟ ಹಾಕಬಹುದಲ್ಲ? ಹಿಂದೆ ಎರಡೂ ದಡದ ತೋಟದವರು ಒಟ್ಟಾಗಿ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಕಟ್ಟುತ್ತಿದ್ದರು. ಬಾವಿಯ ನೀರು ಮೇಲೆ ನಿಂತರೆ ಪಂಪಿನ ಕೆಲಸ ಅಷ್ಟು ಕಡಿಮೆ. ಕೊಳವೆ ಬಾವಿ ಬಂತು, ಒಟ್ಟಾಗುವುದು ನಿಂತಿತು.

ಗಡಿ ದಾಟಿದರೆ ಕೇರಳ. ಅಲ್ಲಿನ ವಯನಾಡಿನ ಮೀನಂಗಾಡಿ ಪಂಚಾಯತ್ 2016ರಲ್ಲೇ ಇಂಗಾಲದ ಲೆಕ್ಕಕ್ಕೆ ಕೂತಿತು. ಆಗಿನ ಹಣಕಾಸು ಮಂತ್ರಿ ಥಾಮಸ್ ಐಸಾಕ್ ಬೆನ್ನಿಗೆ ನಿಂತರು. ಗಿಡ ನೆಟ್ಟ ರೈತನಿಗೆ ಸಹಕಾರಿ ಬ್ಯಾಂಕಿನಿಂದ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿ, ಹತ್ತು ವರ್ಷ, ಬಡ್ಡಿಯಿಲ್ಲದ ಸಾಲ. ಕಡಿದರೆ ಮಾತ್ರ ವಾಪಸು. ಮಂತ್ರಿ, ಪಂಚಾಯತ್, ರೈತ ಮೂವರೂ ಒಂದೇ ಚಾಪೆಯಲ್ಲಿ ಕೂತದ್ದು ಇಲ್ಲಿನ ವಿಶೇಷ.

ನಮ್ಮ ಕಥೆ ಬೇರೆ. ತಾಲೂಕು ಬಂಟ್ವಾಳ, ವಿಧಾನಸಭೆಗೆ ಪುತ್ತೂರು. 2008ರ ವಿಂಗಡಣೆಯಲ್ಲಿ ವಿಟ್ಲ ಕ್ಷೇತ್ರವೇ ಹೋಯಿತು. ಅಹವಾಲು ಹಿಡಿದವನು ಯಾವ ಬಸ್ಸು ಹತ್ತಬೇಕೆಂದೇ ಗೊಂದಲ. ಆದರೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಲು ಶಾಸಕರೇ ಬರಬೇಕೆಂದಿಲ್ಲ. ಕಟ್ಟಿಸಿಕೊಡುವುದು ಅವರ ಕೆಲಸ, ಹಲಗೆ ಇಳಿಸುವುದು ತೋಡಿನ ಬದಿಯವರದ್ದು. ಮಳೆ ನಿಂತ ಮೇಲೆ ಅದಕ್ಕಿರುವುದು ಕೆಲವೇ ವಾರ. ಹಲಗೆ ಇಟ್ಟ ಕೋಣೆಯ ಬೀಗದ ಕೈ ಯಾರಲ್ಲಿದೆ ಎಂದು ಈ ಸಲ ಗ್ರಾಮಸಭೆಯಲ್ಲಿ ಕೇಳಿಡಿ.