ನೆಲದಿಂದ ಏಳುವ ಬಲ

ಮುಪ್ಪಿನಲ್ಲಿ ಓಡಾಟಕ್ಕೆ ಮೊದಲ ಅಡ್ಡಿ ಎದುರಾಗುವುದು ಸಾಮಾನ್ಯವಾಗಿ ಕುಳಿತಲ್ಲಿಂದ ಏಳುವಾಗ. ತೊಡೆ ಮತ್ತು ಪೃಷ್ಠದ ಸ್ನಾಯುಗಳು ನಡುವಯಸ್ಸಿನಿಂದಲೇ ಸೊರಗತೊಡಗಿ, ಅರವತ್ತರ ನಂತರ ಆ ಇಳಿತ ಚುರುಕಾಗುತ್ತದೆ. ಈ ಸ್ನಾಯುಕ್ಷಯಕ್ಕೆ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯ’ ಎಂಬ ಹೆಸರು ಕೊಟ್ಟರು. ನೋವು ಕಾಣಿಸಿಕೊಳ್ಳುವ ಮೊದಲೇ ಬಲವನ್ನೂ ಸಮತೋಲವನ್ನೂ ಕಾಪಾಡಿಕೊಳ್ಳುವ ಅಭ್ಯಾಸಕ್ರಮವೇ ಮುಂಜಾಗ್ರತಾ ಫಿಸಿಯೋಥೆರಪಿ.

ನಂದಿಬೆಟ್ಟದ ಆಸುಪಾಸಿನ ಮುದ್ದೇನಹಳ್ಳಿಯಲ್ಲಿ ಮುಪ್ಪಿನಲ್ಲೂ ಗಟ್ಟಿಯಾಗಿರುವ ಮಾತು ಬಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ತಾನಾಗಿ ಬರುತ್ತದೆ. ಆ ಊರಲ್ಲಿ ಹುಟ್ಟಿದ ಅವರು 1962ರ ಏಪ್ರಿಲ್ 14ರಂದು ತೀರಿಕೊಂಡಾಗ ನೂರು ದಾಟಿದ್ದರು. ತೊಂಬತ್ತರ ಆಸುಪಾಸಿನಲ್ಲಿ, 1951ರಲ್ಲಿ, ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಹೊರತಂದಿದ್ದರು. ಅವರ ಶಿಸ್ತಿನ ದಿನಚರಿ ಮೆಚ್ಚತಕ್ಕದ್ದೇ, ಆದರೆ ಒಬ್ಬರ ದೀರ್ಘಾಯುಷ್ಯದಿಂದ ಎಲ್ಲರಿಗೂ ಒಪ್ಪುವ ನಿಯಮ ತೆಗೆಯುವಂತಿಲ್ಲ. ವಂಶವಾಹಿಗೂ ಅದೃಷ್ಟಕ್ಕೂ ಅದರಲ್ಲಿ ಪಾಲುಂಟು.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯ ಹೆಚ್ಚಿನ ಹಿರಿಯರ ಮೈ ಪಳಗಿದ್ದು ಬೇರೆ ದುಡಿಮೆಯಲ್ಲಿ. ಬಗ್ಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು ರೇಷ್ಮೆಹುಳುವಿಗೆ ಹಾಕುವವರ ಸೊಂಟವೂ, ನೂಲು ಬಿಚ್ಚಾಣಿಕೆಯಲ್ಲಿ ಬಿಸಿನೀರಿನೊಳಗೆ ಗೂಡಿನ ಎಳೆ ಹುಡುಕುವವರ ಬೆರಳು, ಭುಜಗಳೂ ಒಂದೇ ಚಲನೆಯನ್ನು ದಿನವಿಡೀ ಮಾಡಿ ಸವೆಯುತ್ತವೆ. ದುಡಿಯುವವರಿಗೆ ವ್ಯಾಯಾಮ ಬೇರೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ದುಡಿಮೆ ಕೆಲವು ಅಂಗಗಳನ್ನು ಹೆಚ್ಚು ಬಳಸಿ ಉಳಿದವನ್ನು ಬಿಟ್ಟುಬಿಡುತ್ತದೆ. ತೋಟ ಮಕ್ಕಳ ಕೈಗೆ ಹೋಗಿ, ಹಿರಿಯರು ಪ್ಲಾಸ್ಟಿಕ್ ಕುರ್ಚಿಗೆ ಬಂದ ಮೇಲಂತೂ, ಕುಕ್ಕರಗಾಲಲ್ಲಿ ಕೂತು ಏಳುವ ಅಭ್ಯಾಸವೇ ತಪ್ಪಿ, ವರ್ಷಗಳ ಬಲ ಬೇಗನೆ ಕರಗುತ್ತದೆ.

ಕರಗಿದ್ದನ್ನು ಮರಳಿ ಗಳಿಸಬಹುದು. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೂಕದ ವ್ಯಾಯಾಮ ಮಾಡಿಸಿದರು. 1990ರಲ್ಲಿ ಪ್ರಕಟವಾದ ವರದಿಯಂತೆ, ಅಭ್ಯಾಸ ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಮನೆಯಲ್ಲಿ ಇದಕ್ಕೆ ಯಂತ್ರ ಬೇಕಿಲ್ಲ. ಗೋಡೆಗೆ ಒರಗಿಸಿದ, ಅಲುಗದ ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಊರಿ, ಎದೆಯನ್ನು ಮುಂದೆ ಬಾಗಿಸಿ, ಕೈ ಊರದೆ ಎದ್ದು, ಅದಕ್ಕಿಂತಲೂ ನಿಧಾನವಾಗಿ ಕೂರಬೇಕು. ಈ ಇಳಿಯುವ ಹಂತವನ್ನು ಹೆಚ್ಚಿನವರು ಧೊಪ್ಪೆಂದು ಮುಗಿಸಿಬಿಡುತ್ತಾರೆ. ಆದರೆ ತೊಡೆ ತೂಕವನ್ನು ತಡೆಹಿಡಿದು ಬಲ ಗಳಿಸುವುದು ಅಲ್ಲಿಯೇ. ಎಂಟು ಹತ್ತು ಸಲ ಸಲೀಸಾದರೆ ಕುರ್ಚಿ ಬಿಟ್ಟು, ಅದಕ್ಕಿಂತ ತಗ್ಗಾದ ಜಗುಲಿಯ ಮೇಲೆ ಮಾಡಬಹುದು.

ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಅದೊಂದೇ ಸಾಲದು. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮದ ಜೊತೆಗೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅಡುಗೆಮನೆಯ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಗೆರೆಯಲ್ಲಿ ನಡೆಯುವುದು ಇಂಥವು; ನ್ಯೂಜಿಲೆಂಡಿನ ಒಟಾಗೊ ಕಾರ್ಯಕ್ರಮ ಇಂಥ ಅಭ್ಯಾಸಗಳಿಂದಲೇ ಹಿರಿಯರು ಬೀಳುವುದನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು. ಈಚೆಗೆ ಮೂಳೆ ಮುರಿದವರು, ಎದೆನೋವು, ತಲೆಸುತ್ತು ಇರುವವರು ಫಿಸಿಯೋಥೆರಪಿಸ್ಟರನ್ನೋ ವೈದ್ಯರನ್ನೋ ಕಂಡ ಮೇಲೆಯೇ ಆರಂಭಿಸಬೇಕು; ಉಳಿದವರು ಇಂದೇ, ಕೂತಿರುವ ಕುರ್ಚಿಯಿಂದಲೇ ಎದ್ದು ನೋಡಬಹುದು.